ಪಟ್ಟಿಯನ್ನು ತಲೆಕೆಳಗು ಮಾಡಿ ಆಡಿದ ಪೋಕೆಮಾನ್

ನಮ್ಮ ಭಾನುವಾರದ ಪೋಕೆಮಾನ್ ಪಂದ್ಯಗಳಲ್ಲಿ ಗೆಲ್ಲುವವರು ಯಾರೆಂಬುದು ಒಂದು ಹಂತದಲ್ಲಿ ಬೆಳಗಿನ ತಿಂಡಿಯ ಹೊತ್ತಿಗೇ ಎಲ್ಲರಿಗೂ ತಿಳಿದಿರುತ್ತಿತ್ತು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಎಂಟು ಜನ ಸೇರುತ್ತೇವೆ: ನನ್ನ ಅಕ್ಕನ ಮಗ, ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹಿಂದಿನ ಬೀದಿಯ ಮೂವರು ಹೈಸ್ಕೂಲು ಹುಡುಗರು, ಏಳನೆಯ ತರಗತಿಯ ಒಬ್ಬ ಹುಡುಗಿ ಮತ್ತು ನಾನು. ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳ ಟೀಮ್ ಕಟ್ಟಿಕೊಂಡು ಕಾದಾಡಿಸುವ ಈ ಆಟವನ್ನು ನಾವು ಆಡುವುದು ಪೋಕೆಮಾನ್ ಶೋಡೌನ್ ಎಂಬ ಉಚಿತ ಜಾಲತಾಣದಲ್ಲಾದ್ದರಿಂದ ಹಳೆಯ ಲ್ಯಾಪ್‌ಟಾಪ್, ಅಮ್ಮನ ಮೊಬೈಲ್, ಯಾವುದಾದರೂ ನಡೆಯುತ್ತದೆ. ಆದರೆ ಬಲಿಷ್ಠ ಟೀಮ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಬರುವ ಕಾಲೇಜು ಹುಡುಗರ ಎದುರು, ತನಗೆ ಇಷ್ಟವಾದ ಪೋಕೆಮಾನ್‌ಗಳನ್ನು ಆರಿಸಿಕೊಂಡು ಬರುವ ಆ ಹುಡುಗಿಗೆ ಆಟದಲ್ಲಿ ಏನೂ ಉಳಿದಿರಲಿಲ್ಲ. ಅವಳು ಒಂದು ವಾರ ಬರಲಿಲ್ಲ. ನಿಯಮವನ್ನೇ ಬದಲಿಸಿ ಆಡಿಸಿದರೆ ಹೇಗೆ ಎಂದು ನಾನು ಯೋಚಿಸತೊಡಗಿದ್ದು ಆಗ.

ಮೊದಲ ಪ್ರಯತ್ನದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಉತ್ಸಾಹದಲ್ಲಿ ಮೂರು ಬದಲಾವಣೆಗಳನ್ನು ಒಟ್ಟಿಗೇ ತಂದೆ: ಟೈಪ್‌ಗಳ ಪಟ್ಟಿ ತಲೆಕೆಳಗು, ಎಲ್ಲರೂ 5ನೆಯ ಲೆವೆಲ್, ಒಂದು ಟೀಮ್‌ನಲ್ಲಿ ಒಂದೇ ಟೈಪ್. (ಟೈಪ್ ಎಂದರೆ ಬೆಂಕಿ, ಹುಲ್ಲು, ಐಸ್ ಎಂಬಂಥ ವರ್ಗ. ಯಾವ ಟೈಪ್‌ನ ಪೆಟ್ಟು ಯಾವುದಕ್ಕೆ ಎಷ್ಟು ತಾಗುತ್ತದೆಂದು ಹೇಳುವುದೇ ಈ ಪಟ್ಟಿ.) ಸೋತವನಿಗೆ ತಾನು ಏಕೆ ಸೋತೆನೆಂದು ತಿಳಿಯಲಿಲ್ಲ, ಗೆದ್ದವನಿಗೂ ತಿಳಿಯಲಿಲ್ಲ. ಕಾರಣ ತಿಳಿಯದ ಸೋಲಿನಿಂದ ಯಾರೂ ಏನನ್ನೂ ಕಲಿಯಲಾರರು. ಅಂದಿನಿಂದ ಒಂದು ಸಲಕ್ಕೆ ಒಂದೇ ನಿಯಮವನ್ನು ಬದಲಿಸುವುದು, ಕನಿಷ್ಠ ಮೂರು ಭಾನುವಾರ ಅದನ್ನು ಹಾಗೆಯೇ ಬಿಡುವುದು ಎಂದು ನಿರ್ಧರಿಸಿ, ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟೆ.

ಮೊದಲು ಆರಿಸಿಕೊಂಡದ್ದು ಇನ್ವರ್ಸ್ ಬ್ಯಾಟಲ್. ಇದು ಅಭಿಮಾನಿಗಳು ಹುಟ್ಟಿಸಿದ ನಿಯಮವಲ್ಲ. 2013ರಲ್ಲಿ ಬಂದ ಪೋಕೆಮಾನ್ ಎಕ್ಸ್ ಮತ್ತು ವೈ ಎಂಬ ಅಧಿಕೃತ ಆಟಗಳಲ್ಲಿ, ರೂಟ್ 18 ಎಂಬ ದಾರಿಯ ಒಂದು ಮನೆಯೊಳಗೆ ಇದನ್ನು ಆಡಿಸುವ ಪಾತ್ರವೇ ಇದೆ. ಸಾಮಾನ್ಯ ಆಟದಲ್ಲಿ ಎರಡು ಪಟ್ಟು ಬೀಳುವ ಪೆಟ್ಟು ಇಲ್ಲಿ ಅರ್ಧವಾಗುತ್ತದೆ. ಅರ್ಧ ಬೀಳುತ್ತಿದ್ದದ್ದು ಎರಡು ಪಟ್ಟಾಗುತ್ತದೆ. ಸ್ವಲ್ಪವೂ ತಾಗದೆ ಹೋಗುತ್ತಿದ್ದ ಪೆಟ್ಟು ಕೂಡ ಎರಡು ಪಟ್ಟಾಗುತ್ತದೆ. ಆ ಕೊನೆಯ ಮಾತಿನಲ್ಲಿ ಎಷ್ಟು ಅರ್ಥವಿದೆ ಎಂಬುದು ನಾನು ಪಟ್ಟಿಯನ್ನು ಕೈಯಲ್ಲಿ ಬರೆದು ಎಣಿಸುವವರೆಗೆ ನನಗೆ ಹೊಳೆದಿರಲಿಲ್ಲ. 18 ಟೈಪ್‌ಗಳು 18 ಟೈಪ್‌ಗಳನ್ನು ಹೊಡೆಯುವ ಪಟ್ಟಿಯಲ್ಲಿ 324 ಮನೆಗಳಿವೆ. ಅವುಗಳಲ್ಲಿ 204 ಸಮಪೆಟ್ಟು, 51 ಇಮ್ಮಡಿ, 61 ಅರ್ಧ, 8 ಶೂನ್ಯ. ತಲೆಕೆಳಗು ಮಾಡಿದಾಗ ಇಮ್ಮಡಿಯ ಮನೆಗಳು 69 ಆಗುತ್ತವೆ, ಅರ್ಧದ ಮನೆಗಳು 51ಕ್ಕೆ ಇಳಿಯುತ್ತವೆ, ಶೂನ್ಯದ ಮನೆ ಒಂದೂ ಉಳಿಯುವುದಿಲ್ಲ. ಅಂದರೆ ಇದು ಕನ್ನಡಿಯಲ್ಲಿ ಕಂಡ ಅದೇ ಆಟವಲ್ಲ, ಹೊಡೆಯುವವನ ಕಡೆಗೆ ವಾಲಿದ ಬೇರೆಯೇ ಆಟ. ಕೋಟೆ ಕಟ್ಟಿಕೊಂಡು ಕಾಯುವ ಟೀಮ್‌ಗಳು ನಮ್ಮಲ್ಲಿ ಎರಡೇ ವಾರದಲ್ಲಿ ಮಾಯವಾಗಲು ಇದೇ ಕಾರಣ.

ನಾನು ಗೋಡೆಗೆ ಅಂಟಿಸಿದ ಈ ಪಟ್ಟಿಯನ್ನು ನೋಡಿದ ನಮ್ಮ ತಂದೆಯವರು, ಇದು ಇಸ್ಪೀಟಿನಂಥ ಹಳೆಯ ಆಟ ಗಂಜೀಫಾದಲ್ಲಿ ಇದ್ದದ್ದೇ ಅಲ್ಲವೇ ಎಂದರು. ಅವರ ಮಾತು ಸರಿ. ಗಂಜೀಫಾದ ಅರ್ಧ ಬಣ್ಣಗಳಲ್ಲಿ ರಾಜ, ಮಂತ್ರಿಗಳ ನಂತರ ಹತ್ತು ದೊಡ್ಡದು. ಉಳಿದರ್ಧದಲ್ಲಿ ಕ್ರಮ ತಿರುಗಿ ಒಂದರ ಎಲೆ ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದ ಹಲವು ಹೊಸ ಬಗೆಗಳನ್ನು ರೂಪಿಸಿದ ಈ ಊರಿನಲ್ಲಿ ಕುಳಿತು, ಅಂಕಿಗಳ ಬೆಲೆ ತಿರುಗಿಸುವ ನಿಯಮವನ್ನು ನಾವು ಹೊಸದೆಂದು ತಿಳಿದಿದ್ದೆವು. ಮಕ್ಕಳಿಗೆ ಇನ್ವರ್ಸ್ ನಿಯಮವನ್ನು ವಿವರಿಸಲು ಆಮೇಲೆ ನಾನು ಇದೇ ಹೋಲಿಕೆಯನ್ನು ಬಳಸಿದೆ.

ಪಟ್ಟಿ ತಿರುಗಿದಾಗ ಸ್ಟೀಲ್ ಟೈಪ್‌ನ ಗತಿ ಮೊದಲು ಕೆಡುತ್ತದೆ. ಹತ್ತು ಟೈಪ್‌ಗಳ ಪೆಟ್ಟನ್ನು ಅರ್ಧಕ್ಕೆ ಇಳಿಸಿ, ವಿಷವನ್ನು ಪೂರ್ತಿ ತಡೆಯುತ್ತಿದ್ದ ಸ್ಟೀಲ್ ಈಗ ಹನ್ನೊಂದು ಟೈಪ್‌ಗಳಿಗೆ ದುರ್ಬಲ. ಸಾಮಾನ್ಯ ಆಟದಲ್ಲಿ ರಕ್ಷಣೆಗೆ ಅತ್ಯಂತ ಕಳಪೆಯೆನಿಸಿದ ಐಸ್ ಟೈಪ್ ಬೆಂಕಿ, ಫೈಟಿಂಗ್, ಕಲ್ಲು, ಸ್ಟೀಲ್ ನಾಲ್ಕನ್ನೂ ತಡೆದುಕೊಂಡು, ಐಸ್ ಒಂದಕ್ಕೇ ಹೆದರುತ್ತದೆ. ಏಳು ಟೈಪ್‌ಗಳ ಮೇಲೆ ಅರ್ಧ ಮಾತ್ರ ಬೀಳುತ್ತಿದ್ದ ಹುಲ್ಲಿನ ಮತ್ತು ಕೀಟದ ಪೆಟ್ಟುಗಳು ಈಗ ಅದೇ ಏಳರ ಮೇಲೆ ಇಮ್ಮಡಿ. ಬೆಂಕಿಯುಗುಳುವ ಚಾರಿಜಾರ್ಡ್ ಹುಲ್ಲಿನ ಪೆಟ್ಟಿಗೆ ನಾಲ್ಕು ಪಟ್ಟು ನೋಯುವುದನ್ನು ಮೊದಲ ಸಲ ಕಂಡಾಗ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಎರಡು ಟೈಪ್ ಇರುವ ಪೋಕೆಮಾನ್‌ಗಳ ಲೆಕ್ಕದಲ್ಲಿ ಮಾತ್ರ ನಾವು ಬಹಳ ಸಲ ಎಡವಿದೆವು. ಅದೇ ಚಾರಿಜಾರ್ಡ್‌ಗೆ ನೆಲದ ಪೆಟ್ಟು ಮೊದಲು ತಾಗುತ್ತಿರಲಿಲ್ಲವಾದ್ದರಿಂದ ಈಗ ಇಮ್ಮಡಿಯಾಗಬೇಕೆಂದು ಎಲ್ಲರೂ ಎಣಿಸಿದ್ದೆವು. ತಿರುಗಿಸಬೇಕಾದದ್ದು ಒಟ್ಟು ಫಲಿತಾಂಶವನ್ನಲ್ಲ, ಒಂದೊಂದು ಟೈಪ್‌ನ ಪಾಲನ್ನು ಬೇರೆಬೇರೆಯಾಗಿ. ಬೆಂಕಿಯ ಪಾಲು ಅರ್ಧವಾಗಿ, ಹಾರಾಟದ ಪಾಲು ಇಮ್ಮಡಿಯಾಗಿ, ಕೊನೆಗೆ ಸಮಪೆಟ್ಟು ಬೀಳುತ್ತದೆ. ಗಾಳಿಯಲ್ಲಿ ತೇಲಿಸುವ ಲೆವಿಟೇಟ್‌ನಂಥ ಅಬಿಲಿಟಿಗಳು, ಅಂದರೆ ಪೋಕೆಮಾನ್‌ಗಳ ವಿಶೇಷ ಗುಣಗಳು, ಪಟ್ಟಿಯ ಹೊರಗಿನವಾದ್ದರಿಂದ ಅವು ತಿರುಗುವುದಿಲ್ಲ. ಲೆವಿಟೇಟ್ ನೆಲದ ಪೆಟ್ಟನ್ನು ಮೊದಲಿನಂತೆಯೇ ತಡೆಯುತ್ತದೆ.

ಶೋಡೌನ್‌ನಲ್ಲಿ ಇದನ್ನು ಹೊಂದಿಸುವುದು ಸುಲಭ. ಗೆಳೆಯನಿಗೆ ಸವಾಲು ಕಳುಹಿಸುವಾಗ ಆಟದ ಬಗೆಯ ಹೆಸರಾದ ಮೇಲೆ @@@ ಎಂದು ಹಾಕಿ ಇನ್ವರ್ಸ್ ಮಾಡ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು. ಬ್ಯಾನ್ ಮಾಡಬೇಕಾದುದರ ಹೆಸರಿಗೆ ಮೊದಲು ಕಳೆಯುವ ಚಿಹ್ನೆ ಹಾಕಬೇಕು. ಹಳೆಯ ಆಟಗಳ ಪೋಕೆಮಾನ್‌ಗಳೂ ಸಿಗುವಂತೆ ನಾವು ನ್ಯಾಷನಲ್ ಡೆಕ್ಸ್ ಬಗೆಯನ್ನು ಬಳಸುತ್ತೇವೆ. ಆಟದ ನಡುವೆ ಟೈಪ್ ಬದಲಿಸುವ ಟೆರಾ ಶಕ್ತಿಯನ್ನು, ಅದು ಎರಡನೆಯ ಬದಲಾವಣೆಯಾಗುತ್ತದೆಂಬ ಕಾರಣಕ್ಕೆ, ಮೊದಲಿನಿಂದಲೇ ಹೊರಗಿಟ್ಟೆವು.

ಎರಡನೆಯ ಭಾನುವಾರ ಆ ಏಳನೆಯ ತರಗತಿಯ ಹುಡುಗಿ ರೆಜೈಸ್ ತಂದಳು. ಅದು ಬರೀ ಐಸ್ ಟೈಪ್. ಸ್ಪೆಷಲ್ ಎಂಬ ಬಗೆಯ ಪೆಟ್ಟುಗಳನ್ನು ತಡೆದುಕೊಳ್ಳುವ ಅದರ ಸ್ಪೆಷಲ್ ಡಿಫೆನ್ಸ್ ಅಂಕಿ 200, ಬಹಳ ದೊಡ್ಡದು. ಸಾಮಾನ್ಯ ಆಟದಲ್ಲಿ ಯಾರೂ ಕಣ್ಣೆತ್ತಿ ನೋಡದ ಆ ಪೋಕೆಮಾನ್ ಅಂದು ಮೂರು ಪಂದ್ಯ ಗೆದ್ದಿತು. ಕಾಲೇಜು ಹುಡುಗರು ಇದು ನ್ಯಾಯವಲ್ಲವೆಂದು ಗಲಾಟೆ ಮಾಡಿದರು. ನಾನು ಅವರ ಮಾತಿಗೆ ಮಣಿದು, ಪಂದ್ಯಾವಳಿಯ ನಡುವೆಯೇ ರೆಜೈಸ್ ಅನ್ನು ಬ್ಯಾನ್ ಮಾಡಿದೆ. ಅವಳು ಒಂದು ಮಾತೂ ಆಡದೆ ಟ್ಯಾಬ್ಲೆಟ್ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು.

ಆ ರಾತ್ರಿ ನೋಟ್‌ಬುಕ್ಕನ್ನು ತೆರೆದು ಅವಳೆದುರು ಸೋತ ಮೂರು ಟೀಮ್‌ಗಳನ್ನು ಒಂದೊಂದಾಗಿ ನೋಡಿದೆ. ಒಂದರಲ್ಲೂ ಐಸ್ ಮೂವ್, ಅಂದರೆ ಐಸ್ ಟೈಪ್‌ನ ಹೊಡೆತ, ಇರಲಿಲ್ಲ. ಐಸ್ ಪೆಟ್ಟು ಈಗ ಡ್ರ್ಯಾಗನ್‌ಗೆ ನಾಟುವುದಿಲ್ಲವೆಂದು ಎಲ್ಲರೂ ಅದನ್ನು ಕೈಬಿಟ್ಟಿದ್ದರು. ಐಸ್‌ಗೆ ಐಸೇ ಶತ್ರುವಾಗಿದೆ ಎಂಬ ಅರ್ಧವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರೆಜೈಸ್ ಅತಿಬಲಿಷ್ಠವಾಗಿರಲಿಲ್ಲ. ಹೊಸ ನಿಯಮವನ್ನು ಪೂರ್ತಿಯಾಗಿ ಓದಿದ್ದವಳು ಅವಳೊಬ್ಬಳೇ, ನಾನು ಶಿಕ್ಷಿಸಿದ್ದು ಆ ಓದನ್ನು. ಮುಂದಿನ ಭಾನುವಾರ ಅವರ ಮನೆಗೆ ಹೋಗಿ ಕರೆತಂದು, ಎಲ್ಲರ ಎದುರಿಗೆ ತಪ್ಪೊಪ್ಪಿಕೊಂಡು ಬ್ಯಾನ್ ತೆಗೆದೆ. "ಅಂಕಲ್, ಐಸ್ ಬೀಮ್ ಒಂದು ಹಾಕಿಕೊಂಡಿದ್ದರೆ ಸಾಕಿತ್ತಲ್ವಾ, ನಾನೇ ಹೇಳಿಕೊಡ್ತಿದ್ದೆ," ಎಂದಳು. ಪಂದ್ಯಾವಳಿಯ ನಡುವೆ ಯಾವುದನ್ನೂ ಬ್ಯಾನ್ ಮಾಡಬಾರದು, ಬ್ಯಾನ್ ಮಾಡುವ ಮೊದಲು ಅದಕ್ಕೆ ಉತ್ತರವಿದೆಯೇ ಎಂದು ಹುಡುಕಿರಬೇಕು, ಕಾರಣವನ್ನು ಬರೆದಿಡಬೇಕು ಎಂಬ ಮೂರು ಸಾಲುಗಳು ನೋಟ್‌ಬುಕ್ಕಿಗೆ ಬಂದದ್ದು ಅಂದು.

ನಿಜವಾದ ತೊಂದರೆ ಬೇರೆ ಕಡೆಯಿಂದ ಬಂದಿತು. ನಾರ್ಮಲ್ ಟೈಪ್‌ನ ಪೆಟ್ಟು ಸಾಮಾನ್ಯ ಆಟದಲ್ಲಿ ಯಾವುದಕ್ಕೂ ಇಮ್ಮಡಿ ಬೀಳುವುದಿಲ್ಲ. ಹಾಗಾಗಿ ಇನ್ವರ್ಸ್‌ನಲ್ಲಿ ಅದನ್ನು ಅರ್ಧಕ್ಕಿಳಿಸುವ ಟೈಪ್ ಒಂದೂ ಇಲ್ಲ, ಕಲ್ಲು, ಸ್ಟೀಲ್, ಘೋಸ್ಟ್ ಮೂರಕ್ಕೂ ಅದು ಇಮ್ಮಡಿ. ರಕ್ಷಣೆಯಲ್ಲಿಯೂ ನಾರ್ಮಲ್‌ಗೆ ಘೋಸ್ಟ್ ಒಂದೇ ಭಯ. ನಾಲ್ಕನೆಯ ವಾರದ ಹೊತ್ತಿಗೆ ಎಂಟರಲ್ಲಿ ಏಳು ಟೀಮ್‌ಗಳಲ್ಲಿ ಸ್ನೋರ್‌ಲಾಕ್ಸ್ ಕುಳಿತಿತ್ತು, ಕೆಲವರಲ್ಲಿ ಅದರ ಜೊತೆಗೆ ಪೋರಿಗಾನ್-ಝಡ್ ಕೂಡ ಇತ್ತು. ಇದಕ್ಕೆ ಉತ್ತರ ಹುಡುಕಿದೆವು; ಘೋಸ್ಟ್ ಮೂವ್‌ಗಳನ್ನು ತುಂಬಿಕೊಂಡರೂ ಒಂದನ್ನು ಬೀಳಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಸ್ನೋರ್‌ಲಾಕ್ಸ್ ಒಂದನ್ನು ತೆಗೆದರೆ ಅದರ ಜಾಗಕ್ಕೆ ಮತ್ತೊಂದು ನಾರ್ಮಲ್ ಬರುವುದು ಖಚಿತವಿದ್ದುದರಿಂದ, ಪಂದ್ಯಾವಳಿ ಮುಗಿದ ಮೇಲೆ ಎಲ್ಲರೂ ಕುಳಿತು ಒಂದು ಟೀಮ್‌ಗೆ ಒಂದೇ ನಾರ್ಮಲ್ ಟೈಪ್ ಎಂದು ಒಪ್ಪಿಕೊಂಡೆವು. ಇದನ್ನು ನಾವು ಜಾಲತಾಣಕ್ಕೆ ಬಿಡದೆ, ಆಟಕ್ಕೆ ಮೊದಲು ಟೀಮ್‌ಗಳನ್ನು ಕಣ್ಣಲ್ಲೇ ಪರೀಕ್ಷಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಇನ್ವರ್ಸ್ ಆಡುವ ಯಾವ ಗುಂಪಿಗಾದರೂ ಈ ಮಿತಿ ಬೇಕಾಗುತ್ತದೆ.

ಇನ್ವರ್ಸ್ ಅಲ್ಲದೆ ನಾವು ಆಡಿದ ಲಿಟಲ್ ಕಪ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇನ್ನೂ ವಿಕಾಸಗೊಳ್ಳದ ಮರಿ ಪೋಕೆಮಾನ್‌ಗಳು 5ನೆಯ ಲೆವೆಲ್‌ನಲ್ಲಿ ಆಡುವ ಈ ಬಗೆ ಹಳೆಯದು, ಪ್ರಸಿದ್ಧವಾದದ್ದು. ಅದರಲ್ಲಿ ನನಗೆ ಪ್ರಿಯವಾದದ್ದು ಅಂಕಿಗಳು ಚಿಕ್ಕದಾದಾಗ ಪೋಕೆಮಾನ್‌ಗಳು ಹಿಡಿದುಕೊಳ್ಳುವ ವಸ್ತುಗಳ ಬೆಲೆ ಬದಲಾಗುವ ರೀತಿ. ನೂರನೆಯ ಲೆವೆಲ್‌ನಲ್ಲಿ 20 ಎಚ್‌ಪಿ (ಜೀವಬಲದ ಅಂಕ) ತುಂಬುವ ಬೆರ್ರಿ ಜ್ಯೂಸ್ ಯಾರಿಗೂ ಬೇಡ. ಇಲ್ಲಿ ಪೋಕೆಮಾನ್‌ನ ಪೂರ್ತಿ ಎಚ್‌ಪಿಯೇ ಸುಮಾರು ಅಷ್ಟಿರುವುದರಿಂದ ಅದು ಸಂಜೀವಿನಿ. ಅದೇ ಕಾರಣಕ್ಕೆ ಯಾವಾಗಲೂ 20 ಎಚ್‌ಪಿ ಕಳೆಯುವ ಸೋನಿಕ್ ಬೂಮ್, 40 ಕಳೆಯುವ ಡ್ರ್ಯಾಗನ್ ರೇಜ್ ಇವೆರಡಕ್ಕೆ ಲಿಟಲ್ ಕಪ್‌ನಲ್ಲಿ ಪ್ರವೇಶವಿಲ್ಲ. ಪೆಟ್ಟಿನ ಬಲ ಹೆಚ್ಚಿಸುವ ಲೈಫ್ ಆರ್ಬ್ ಹಿಡಿದವರು ಪ್ರತಿ ಹೊಡೆತಕ್ಕೂ ತಮ್ಮ ಒಟ್ಟು ಎಚ್‌ಪಿಯ ಹತ್ತನೆಯ ಒಂದು ಭಾಗವನ್ನು ಕಳೆದುಕೊಳ್ಳಬೇಕು, ಭಿನ್ನರಾಶಿ ಬಂದರೆ ಕೆಳಗಿನ ಪೂರ್ಣಾಂಕ. ಹೀಗಾಗಿ 20 ಎಚ್‌ಪಿ ಇದ್ದವನಿಗೆ 2 ಹೋಗುತ್ತದೆ, 19 ಇದ್ದವನಿಗೆ 1. "ಮಾವ, ಎಚ್‌ಪಿ ಕಮ್ಮಿ ಮಾಡ್ಕೊಂಡ್ರೆ ಜಾಸ್ತಿ ಹೊತ್ತು ಇರ್ತೀವಾ?" ಎಂದು ಅಕ್ಕನ ಮಗ ಕೇಳಿದ. ಹೌದು, ಲೈಫ್ ಆರ್ಬ್ ಹಿಡಿದರೆ ಹಾಗೆಯೇ. ಭಾಗಾಕಾರದ ಶೇಷ ಎಲ್ಲಿಗೆ ಹೋಗುತ್ತದೆಂದು ಅವನು ಆ ದಿನ ಆಸೆಪಟ್ಟು ಕಲಿತ.

ಮಕ್ಕಳು ಅತ್ಯಂತ ಹೆಚ್ಚು ಪ್ರೀತಿಸಿದ್ದು ಸ್ಕೇಲ್‌ಮಾನ್ಸ್ ನಿಯಮವನ್ನು. ಇಲ್ಲಿ ಎಚ್‌ಪಿಯನ್ನು ಮುಟ್ಟದೆ, ಹೊಡೆತ, ರಕ್ಷಣೆ, ವೇಗ ಮೊದಲಾದ ಉಳಿದ ಐದು ಅಂಕಿಗಳನ್ನು ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿ, ಪ್ರತಿಯೊಂದು ಪೋಕೆಮಾನ್‌ನ ಒಟ್ಟು ಮೊತ್ತವನ್ನು 600ರ ಹತ್ತಿರಕ್ಕೆ ತರಲಾಗುತ್ತದೆ. ಆರೂ ಅಂಕಿ 30 ಇರುವ, ಒಟ್ಟು 180ರ ಬಡ ಸನ್‌ಕರ್ನ್‌ಗೆ ಐದು ಅಂಕಿಗಳೂ 114 ಆಗುತ್ತವೆ. ಆರೂ 120 ಇರುವ, ಒಟ್ಟು 720ರ ದೇವಸ್ವರೂಪಿ ಆರ್ಸಿಯಸ್‌ಗೆ ಅವೇ ಐದು 96ಕ್ಕೆ ಇಳಿಯುತ್ತವೆ. ಮ್ಯಾಜಿಕಾರ್ಪ್‌ನ ಸ್ಪೀಡ್ 257ಕ್ಕೆ ಏರಿ, 255ರ ಮಿತಿಗೆ ತಾಗಿ ನಿಲ್ಲುತ್ತದೆ. ಬಾಯಿಪಾಠದ ಪಟ್ಟಿಗಳಿಂದ ಇಲ್ಲಿ ಏನೂ ಪ್ರಯೋಜನವಿಲ್ಲ. ಎಲ್ಲರೂ ಕಾಗದ ಪೆನ್ಸಿಲ್ ಹಿಡಿದು ಗುಣಾಕಾರಕ್ಕೆ ಕೂರಬೇಕು, ಅದರಲ್ಲಿ ಏಳನೆಯ ತರಗತಿಯವಳು ಯಾರಿಗೂ ಕಡಿಮೆಯಲ್ಲ.

ಈ ನಿಯಮ ಅಂಕಿಗಳನ್ನು ಸಮ ಮಾಡುತ್ತದೆ, ಅಬಿಲಿಟಿ ಮತ್ತು ವಸ್ತುಗಳನ್ನು ಹಾಗೆಯೇ ಬಿಡುತ್ತದೆ. ಪುಟ್ಟ ಅಜುರಿಲ್‌ನ 20ರ ಅಟ್ಯಾಕ್ 78 ಆಗುತ್ತದೆ, ಅದರ ಮೇಲೆ ಹ್ಯೂಜ್ ಪವರ್ ಎಂಬ ಅಬಿಲಿಟಿ ಅದನ್ನು ಇಮ್ಮಡಿಗೊಳಿಸುತ್ತದೆ. ಇವು ಮೂಲ ಅಂಕಿಗಳು; ಲೆವೆಲ್, ತರಬೇತಿ ಸೇರಿಸಿ ನೂರನೆಯ ಲೆವೆಲ್‌ನಲ್ಲಿ ಲೆಕ್ಕ ಹಾಕಿದರೆ 510. ಅಟ್ಯಾಕ್ 120 ಇರುವ ದೈತ್ಯಕ್ಕೂ ಅದೇ ಲೆಕ್ಕದಲ್ಲಿ ಬರುವುದು 339. ಮೆಡಿಟೈಟ್ ಕೂಡ ಪ್ಯೂರ್ ಪವರ್‌ನಿಂದ ಇದೇ ದಾರಿ ಹಿಡಿಯುತ್ತದೆ. ರೆಜೈಸ್ ಪ್ರಕರಣದ ನಂತರ ನಾನು ಆತುರಪಡಲಿಲ್ಲ. ಮೂರು ಭಾನುವಾರ ಆಡಿ, ಉತ್ತರ ಸಿಗದೆ, ಅಜುರಿಲ್ ಎಂಬ ಹೆಸರನ್ನು ಬರೆಯದೆ ಆ ಎರಡು ಅಬಿಲಿಟಿಗಳನ್ನು ಬ್ಯಾನ್ ಮಾಡಿದೆವು. ಜೀವಿಯನ್ನು ಹೊರಗೆ ಹಾಕಿದರೆ ಅದನ್ನು ಪ್ರೀತಿಸುವ ಮಗು ಅಳುತ್ತದೆ. ಕಾರಣವನ್ನು ಹೊರಗೆ ಹಾಕಿದರೆ ಅಜುರಿಲ್ ಬೇರೆ ಅಬಿಲಿಟಿ ಹಿಡಿದು ಟೀಮ್‌ನಲ್ಲೇ ಉಳಿಯುತ್ತದೆ. ಮರಿಗಳ ರಕ್ಷಣೆಯನ್ನು ಒಂದೂವರೆ ಪಟ್ಟು ಮಾಡುವ ಈವಿಯೊಲೈಟ್ ಕಲ್ಲನ್ನು ಸಹ ಇದೇ ತರ್ಕದ ಮೇಲೆ ತೆಗೆದೆವು. ಮರಿ ಎಂಬ ಕೊರತೆಯನ್ನು ನಿಯಮವೇ ತುಂಬಿಕೊಟ್ಟ ಮೇಲೆ ಆ ಕಲ್ಲು ಎರಡನೆಯ ಸಲ ತುಂಬಿಕೊಡುತ್ತಿತ್ತು.

ಈ ಭಾನುವಾರದಿಂದ ಕ್ಯಾಮೊಮಾನ್ಸ್ ಎಂಬ ಮತ್ತೊಂದು ನಿಯಮ ಆರಂಭ. ಅದರಲ್ಲಿ ಪೋಕೆಮಾನ್‌ನ ಟೈಪ್ ಅದರ ಮೊದಲ ಎರಡು ಮೂವ್‌ಗಳ ಟೈಪೇ ಆಗಿರುತ್ತದೆ. ಹುಡುಗಿ ಈಗಾಗಲೇ ಶೆಡಿಂಜಾವನ್ನು ತರುವುದಾಗಿ ತಿಳಿಸಿದ್ದಾಳೆ. ಅದಕ್ಕಿರುವುದು ಒಂದೇ ಎಚ್‌ಪಿ, ಆದರೆ ವಂಡರ್ ಗಾರ್ಡ್ ಅಬಿಲಿಟಿಯಿಂದಾಗಿ ಹೊಡೆಯುವ ಮೂವ್‌ಗಳಲ್ಲಿ ಇಮ್ಮಡಿ ಪೆಟ್ಟಿನವು ಮಾತ್ರ ಅದನ್ನು ತಾಗಬಲ್ಲವು. ಪ್ರೊಟೆಕ್ಟ್ ಮತ್ತು ಶ್ಯಾಡೋ ಸ್ನೀಕ್ ಮೊದಲಿಟ್ಟರೆ ಅದು ನಾರ್ಮಲ್-ಘೋಸ್ಟ್ ಆಗುತ್ತದೆ. ಆ ಜೋಡಿಗೆ ಇಮ್ಮಡಿ ಬೀಳುವುದು ಡಾರ್ಕ್ ಒಂದೇ. ಕಾಲೇಜು ಹುಡುಗರು ಅದನ್ನು ಮೊದಲೇ ಬ್ಯಾನ್ ಮಾಡಬೇಕೆಂದು ಕೇಳಿದರು. ಆಗುವುದಿಲ್ಲವೆಂದೆ. ಮೈದಾನಕ್ಕೆ ಬಂದ ಕ್ಷಣವೇ ಎಲ್ಲರನ್ನೂ ಚುಚ್ಚುವ ಸ್ಟೆಲ್ತ್ ರಾಕ್ ಕಲ್ಲುಗಳನ್ನು ವಂಡರ್ ಗಾರ್ಡ್ ತಡೆಯುವುದಿಲ್ಲ, ಒಂದೇ ಎಚ್‌ಪಿಗೆ ಅಷ್ಟು ಸಾಕು. ನನ್ನ ಟೀಮ್‌ನಲ್ಲಿ ಸ್ಟೆಲ್ತ್ ರಾಕ್ ಅನ್ನು ಸೇರಿಸಿದ್ದೇನೆ. ಅವಳಿಗೂ ಅದನ್ನು ಹೇಳಿದ್ದೇನೆ. ಕಲ್ಲುಗಳನ್ನು ಗುಡಿಸಿಹಾಕಲು ಅವಳು ಇನ್ನೊಂದು ಪೋಕೆಮಾನ್ ಹುಡುಕುತ್ತಿದ್ದಾಳಂತೆ.