ಮೆನಿಯೋ, ಮಚ್ಚೋ? ಮೊದಲು ನಾಮಪದ ನೋಡಿ

ಎಷ್ಟು ಪುಸ್ತಕ, ಎಷ್ಟು ನೀರು. ಕನ್ನಡದಲ್ಲಿ ಎರಡಕ್ಕೂ ‘ಎಷ್ಟು’ ಸಾಕು. ಇಂಗ್ಲಿಷ್‌ನಲ್ಲಿ ಪುಸ್ತಕಕ್ಕೆ ‘ಹೌ ಮೆನಿ’, ನೀರಿಗೆ ‘ಹೌ ಮಚ್’. ಹಾಗಾಗಿ ಮೊದಲು ನೋಡಬೇಕಾದದ್ದು ನಾಮಪದವನ್ನು.

ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಪದಕ್ಕೆ ಮುಂಚೆ ‘ತ್ರೀ’, ಕೊನೆಗೆ ‘ಎಸ್’ ಸೇರಿಸಿ ನೋಡಿ. ‘ತ್ರೀ ಚೇರ್ಸ್’ ಸರಿ. ‘ತ್ರೀ ಫರ್ನಿಚರ್ಸ್’ ತಪ್ಪು. ಕಣ್ಣೆದುರು ನಾಲ್ಕು ಕುರ್ಚಿ, ಒಂದು ಮೇಜು ಇದ್ದರೂ ಫರ್ನಿಚರ್ ಎಣಿಸುವ ಪದವಲ್ಲ. ನಾವು ಜಾಸ್ತಿ ಎಡವುವುದು ಇಂಥ ಕಡೆಯೇ: ಇನ್‌ಫರ್ಮೇಶನ್, ಅಡ್ವೈಸ್, ಲಗೇಜ್, ಎಕ್ವಿಪ್‌ಮೆಂಟ್, ಹೋಂವರ್ಕ್. ಇವಕ್ಕೆ ‘ಎಸ್’ ಹಚ್ಚಬೇಡಿ. ಎಣಿಸಲೇಬೇಕು ಅಂದ್ರೆ ‘ತ್ರೀ ಪೀಸಸ್ ಆಫ್ ಲಗೇಜ್’ ಅನ್ನಿ. ‘ನ್ಯೂಸ್’ ಕೊನೆಯಲ್ಲಿ ‘ಎಸ್’ ಇದ್ದರೂ ಅದು ಏಕವಚನ: ‘ದ ನ್ಯೂಸ್ ಈಸ್ ಗುಡ್’. ರುಪೀಸ್ ಎಣಿಸಬಹುದು, ಆದರೆ ಮನಿಗೆ ‘ಹೌ ಮಚ್’.

ಇಷ್ಟಾದರೆ ಉಳಿದದ್ದು ಸಲೀಸು. ಎಣಿಸುವಂಥದ್ದಕ್ಕೆ ಮೆನಿ, ಫ್ಯೂ, ಫ್ಯೂಯರ್. ಎಣಿಸಲಾಗದ್ದಕ್ಕೆ ಮಚ್, ಲಿಟಲ್, ಲೆಸ್. ಸಮ್, ಎನಿ, ಇನಫ್, ‘ಎ ಲಾಟ್ ಆಫ್’ ಎರಡಕ್ಕೂ ನಡೆಯುತ್ತವೆ. ಮಚ್ ಹೆಚ್ಚಾಗಿ ಪ್ರಶ್ನೆಗೆ, ಇಲ್ಲ ಎನ್ನುವ ವಾಕ್ಯಕ್ಕೆ ಒಪ್ಪುತ್ತದೆ. ‘ದೇರ್ ಈಸ್ ಮಚ್ ಟ್ರಾಫಿಕ್’ ಕಿವಿಗೆ ಒಗ್ಗುವುದಿಲ್ಲ. ‘ಎ ಲಾಟ್ ಆಫ್ ಟ್ರಾಫಿಕ್’ ಅಂದರೆ ಸಹಜ.

ಇನ್ನು ‘ಎ’ ಎಂಬ ಪುಟ್ಟ ಪದ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲಸದ ಸಂದರ್ಶನದಲ್ಲಿ ‘ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯನ್ಸ್’ ಅಂದರೆ ಅನುಭವ ಇಲ್ಲವೆನ್ನುವಷ್ಟು ಕಡಿಮೆ ಎಂದು ನೀವೇ ಹೇಳಿದ ಹಾಗೆ. ‘ಎ ಲಿಟಲ್ ಎಕ್ಸ್‌ಪೀರಿಯನ್ಸ್’ ಅಂದರೆ ಸ್ವಲ್ಪ ಮಟ್ಟಿಗೆ ಇದೆ ಎಂದರ್ಥ. ಎಷ್ಟು ವ್ಯತ್ಯಾಸ ಅಲ್ವಾ? ‘ಫ್ಯೂ ಫ್ರೆಂಡ್ಸ್’ ಅಂದರೆ ಗೆಳೆಯರ ಕೊರತೆ, ‘ಎ ಫ್ಯೂ ಫ್ರೆಂಡ್ಸ್’ ಅಂದರೆ ಕೆಲವರಾದರೂ ಇದ್ದಾರೆ.

ಕೆಲವು ಪದ ಎರಡೂ ಕಡೆ ನಿಲ್ಲುತ್ತವೆ. ಕಾಫಿ ಎಣಿಸುವಂಥದ್ದಲ್ಲ, ಆದರೆ ಹೋಟೆಲಿನಲ್ಲಿ ‘ಟೂ ಕಾಫೀಸ್’ ಅಂದರೆ ಎರಡು ಕಪ್, ತಪ್ಪೇನಿಲ್ಲ. ಎಕ್ಸ್‌ಪೀರಿಯನ್ಸಸ್ ಅಂದರೆ ಬದುಕಿನಲ್ಲಿ ನಡೆದ ಬೇರೆ ಬೇರೆ ಅನುಭವಗಳು.

ಲೆಸ್–ಫ್ಯೂಯರ್ ಜಗಳ ಹಳೆಯದು. 1770ರಲ್ಲಿ ಇಂಗ್ಲಿಷ್ ಬಳಕೆಯ ಬಗ್ಗೆ ಪುಸ್ತಕ ಬರೆದ ರಾಬರ್ಟ್ ಬೇಕರ್ ಈ ಭೇದ ಬರೆದಾಗ ಅದನ್ನು ತಮ್ಮ ಇಷ್ಟವೆಂದೇ ಹೇಳಿದ್ದರು. ಇಂದು ಪರೀಕ್ಷೆಯಲ್ಲಿ ಅದು ನಿಯಮ. ‘ಲೆಸ್ ಸ್ಟೂಡೆಂಟ್ಸ್’ ಎಂದು ಬರೆದರೆ ಅಂಕ ಹೋಗಬಹುದು. ಆದರೆ ದೂರ, ಸಮಯ, ಹಣದ ಮೊತ್ತ ಬಂದಾಗ ಲೆಸ್ ಸರಿ: ‘ಲೆಸ್ ದ್ಯಾನ್ 10 ಕಿಲೋಮೀಟರ್ಸ್’, ‘ಲೆಸ್ ದ್ಯಾನ್ 500 ರುಪೀಸ್’.