ಸಂಜೆ ಒಣಗುವ ಲೆನ್ಸ್: ಸೊಲ್ಯೂಷನ್ ಬದಲಿಸಿ ಗೆದ್ದ ಬಗೆ

ಸಂಜೆಯಾದರೆ ಕಣ್ಣು ಒಣಗುತ್ತದೆ, ಲೆನ್ಸ್ ತೆಗೆದುಬಿಡೋಣ ಅನಿಸುತ್ತದೆ ಎಂದು ಬರುವವರಿಗೆ ನಾವೆಲ್ಲ ಮೊದಲು ಮಾಡುವುದು ಲೆನ್ಸ್ ಬದಲಾವಣೆ. ನಾನು ಲೆನ್ಸ್ ಮುಟ್ಟದೆ ಅದನ್ನು ತೊಳೆದು ನೆನೆಸಿಡುವ ದ್ರವವನ್ನು, ಅಂದರೆ ಸೊಲ್ಯೂಷನ್ ಮಾತ್ರ ಬದಲಿಸಿ ನೋಡುತ್ತೇನೆ ಎಂದಾಗ ಜೊತೆಯ ಆಪ್ಟೊಮೆಟ್ರಿಸ್ಟ್‌ಗಳು ನಂಬಲಿಲ್ಲ. ಸೊಲ್ಯೂಷನ್‌ಗೆ ಜಾರಿಕೆಗೆಂದು ಸೇರಿಸಿದ ಅಂಶವನ್ನು ಕಣ್ಣೀರು ಹತ್ತಿಪ್ಪತ್ತು ನಿಮಿಷದಲ್ಲಿ ತೊಳೆದುಬಿಡುತ್ತದೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಕಣ್ಣಿನಲ್ಲಿರುವ ಕಣ್ಣೀರು ಹೆಚ್ಚುಕಡಿಮೆ 7 ಮೈಕ್ರೋಲೀಟರ್, ನಿಮಿಷಕ್ಕೆ 1 ಮೈಕ್ರೋಲೀಟರ್‌ನಷ್ಟು ಹೊಸದು ಬರುತ್ತದೆ. ಅದರಲ್ಲಿ ತೇಲುವುದು ಯಾವುದೂ ನಿಲ್ಲುವುದಿಲ್ಲ. ಆದರೆ ಲೆನ್ಸಿಗೆ ಅಂಟಿಕೊಂಡದ್ದು ನಿಲ್ಲುತ್ತದೆ. ನಾನು ಬೆನ್ನು ಹತ್ತಿದ್ದು ಅದನ್ನು.

ಮೊದಲ ಸೋಲು ಹೈಲುರೊನೇಟ್ ಎಂಬ ಜಾರಿಕೆಯ ಅಂಶದಿಂದ. ನೀರು ಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ರೆಪ್ಪೆ ಬಡಿದಾಗ ತೆಳ್ಳಗಾಗಿ, ಕಣ್ಣು ತೆರೆದಾಗ ಮತ್ತೆ ದಪ್ಪಗಾಗುವ ಗುಣವೂ ಇದೆ. ಎಲ್ಲರಿಗೂ ಅದನ್ನೇ ಬರೆದುಕೊಟ್ಟೆ. ಬೆಳಿಗ್ಗೆ ಎಲ್ಲರೂ ಹೊಗಳಿದರು. ಸಂಜೆ ಅರ್ಧದಷ್ಟು ಜನರ ದೂರು ಹಾಗೆಯೇ ಉಳಿಯಿತು. ಅಣು ಬಹಳ ದೊಡ್ಡದು, ಲೆನ್ಸಿನ ಒಳಗೆ ಇಳಿಯುವುದು ಕಷ್ಟ, ಮೇಲ್ಮೈಯಲ್ಲೇ ಕುಳಿತಿರುತ್ತದೆ. ಹಳೆಯ ಹೈಡ್ರೋಜೆಲ್ ಲೆನ್ಸಿನವರಲ್ಲಿ ಫಲ ಚೆನ್ನಾಗಿತ್ತು. ಸಿಲಿಕೋನ್ ಬೆರೆತ ಹೊಸ ಬಗೆಯ ಹೈಡ್ರೋಜೆಲ್‌ನವರಲ್ಲಿ, ಅದರಲ್ಲೂ ಲೆನ್ಸಿನ ಮೇಲೆ ಜಿಡ್ಡು ಕೂರುವವರಲ್ಲಿ, ನನಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಎರಡನೆಯ ಸೋಲು ದುಬಾರಿಯಾಯಿತು. ಪ್ರಿಸರ್ವೇಟಿವ್ ಇಲ್ಲದ ಒಂದೇ ಬಳಕೆಯ ಹನಿಗಳನ್ನು ದಿನಕ್ಕೆ ನಾಲ್ಕು ಸಲ ಹಾಕಿಸಿದೆ. ಖರ್ಚು ತಿಂಗಳ ಸೊಲ್ಯೂಷನ್‌ನ ಮೂರು ನಾಲ್ಕು ಪಟ್ಟಾಯಿತು. ಒಂದು ಹನಿಯೆಂದರೆ 30 ರಿಂದ 50 ಮೈಕ್ರೋಲೀಟರ್. ಕಣ್ಣು ಅಷ್ಟನ್ನು ಹಿಡಿಯಲಾರದು, ಬಹುಪಾಲು ಕೆನ್ನೆಗೆ ಹರಿಯುತ್ತದೆ. ದಪ್ಪ ಹನಿ ಕೊಟ್ಟೆ, 1 ಶೇಕಡಾದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ದೃಷ್ಟಿ ಮಂಜಾಗುತ್ತದೆ ಎಂದು ವಾಪಸ್ ಬಂದರು. ಜನ ಇಷ್ಟು ಹಣ ಕೊಟ್ಟು ಇಷ್ಟು ಕಡಿಮೆ ಪಡೆಯುವುದು ನನಗೆ ಸಹಿಸಲಾಗಲಿಲ್ಲ. ಆ ದಾರಿ ಬಿಟ್ಟೆ.

ಪಟ್ಟು ಸಿಕ್ಕಿದ್ದು ಅಳತೆಯ ಹೊತ್ತನ್ನು ಬದಲಿಸಿದಾಗ. ಲೆನ್ಸ್ ಹಾಕಿ ಎಂಟು ಗಂಟೆ ಕಳೆದವರನ್ನು ಸಂಜೆಯೇ ಕೂರಿಸಿ, ಕಣ್ಣು ಮುಟ್ಟದೆ, ಲೆನ್ಸಿನ ಮೇಲಿನ ಕಣ್ಣೀರಿನ ಪದರ ಒಡೆಯುವ ಹೊತ್ತು ನೋಡತೊಡಗಿದೆ. ಇದಕ್ಕೆ ದೊಡ್ಡ ಯಂತ್ರ ಬೇಡ. ನಮ್ಮೆಲ್ಲರ ಬಳಿ ಇರುವ, ಕಣ್ಣಿನ ಬಾಗು ಅಳೆಯುವ ಹಳೆಯ ಕೆರಟೋಮೀಟರ್ ಸಾಕು: ಅದರಲ್ಲಿ ಕಾಣುವ ಉಂಗುರದ ಬಿಂಬ ಸೊಟ್ಟಗಾಗುವವರೆಗೆ ಸೆಕೆಂಡ್ ಎಣಿಸುವುದು. ಕಣ್ಣಿನ ಮೇಲ್ಮೈಯ ನಕ್ಷೆ ತೆಗೆಯುವ ಹೊಸ ಟೋಪೋಗ್ರಾಫರ್‌ಗೆ ಸಾಲ ಮಾಡಲು ಹೊರಟಿದ್ದವನು ಆ ಹಣ ಉಳಿಸಿಕೊಂಡೆ.

ಜೊತೆಗೆ ಬಲಗಣ್ಣಿಗೆ ಒಂದು ಸೊಲ್ಯೂಷನ್, ಎಡಗಣ್ಣಿಗೆ ಇನ್ನೊಂದು. ಎರಡು ಬಣ್ಣದ ಕೇಸ್, ಎರಡು ಬಾಟಲಿ, ಎರಡು ವಾರ. ಅದೇ ಕಣ್ಣೀರು, ಅದೇ ಕೆಲಸದ ಪರದೆ. ಸಬೂಬಿಗೆ ಜಾಗವೇ ಇಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಇರುವ ಸೊಲ್ಯೂಷನ್ ಮಾತ್ರ ಹೀಗೆ ಒಂದು ಕಣ್ಣಿಗೆ ಕೊಡಬೇಡಿ. ಬಾಟಲಿ ಅದಲುಬದಲಾದರೆ 3 ಶೇಕಡಾ ಪೆರಾಕ್ಸೈಡ್ ನೇರ ಕಣ್ಣಿಗೆ ಹೋಗುತ್ತದೆ. ಕೊಡುವುದಾದರೆ ಎರಡೂ ಕಣ್ಣಿಗೆ ಕೊಡಿ, ಪೆರಾಕ್ಸೈಡ್ ತಟಸ್ಥವಾಗಲು ಆರು ಗಂಟೆ ನೆನೆಸುವ ನಿಯಮ ಬಿಡಬೇಡಿ.

ಸಿಲಿಕೋನ್ ಲೆನ್ಸಿನಲ್ಲಿ ಗೆದ್ದ ಜಾರಿಕೆಯ ಅಂಶಗಳು ಪೊಲಾಕ್ಸಮಿನ್ ಜಾತಿಯವು ಮತ್ತು ಎಥಿಲೀನ್, ಬ್ಯುಟಿಲೀನ್ ಆಕ್ಸೈಡ್ ಜೋಡಿಯವು. ಇವುಗಳ ಅಣುವಿನ ಒಂದು ಭಾಗ ನೀರನ್ನು ಒಲ್ಲದ ಸಿಲಿಕೋನನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಭಾಗ ಕಣ್ಣೀರಿನತ್ತ ಮುಖಮಾಡಿ ನೀರನ್ನು ಹಿಡಿಯುತ್ತದೆ. ನೆನಪಿನಿಂದ ಹೇಳುವುದಾದರೆ, ಸಂಜೆ 4, 5 ಸೆಕೆಂಡಿಗೆ ಒಡೆಯುತ್ತಿದ್ದ ಪದರ ಹಲವರಲ್ಲಿ 7, 8ಕ್ಕೆ ಏರಿತು. ಲೆನ್ಸ್ ಬಿಟ್ಟೇಬಿಡುತ್ತೇನೆ ಎಂದಿದ್ದವರಲ್ಲಿ ಮುಕ್ಕಾಲು ಪಾಲು ಜನ ಇಂದಿಗೂ ಹಾಕುತ್ತಿದ್ದಾರೆ, ಅದೇ ಲೆನ್ಸನ್ನು. ಈ ವಿಷಯದಲ್ಲಿ ನನಗೆ ಹೆಮ್ಮೆಯಿದೆ. ನಂಬದಿದ್ದವರೇ ಈಗ ತಮ್ಮ ಗ್ರಾಹಕರನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಎಚ್ಚರಿಕೆಯೊಂದಿದೆ. ಜಾರಿಕೆಯ ಅಂಶವನ್ನಷ್ಟೇ ನೋಡಿ ಸೋಂಕುನಾಶಕವನ್ನು ಮರೆಯಬಾರದು. ಪಿಎಚ್‌ಎಂಬಿ ಎಂಬ ಸೋಂಕುನಾಶಕ ಇರುವ ಸೊಲ್ಯೂಷನ್ ಕೆಲವು ಸಿಲಿಕೋನ್ ಲೆನ್ಸಿನ ಜೊತೆ ಸೇರಿದರೆ ಹಾಕಿದ ಎರಡು ಗಂಟೆಯ ಸುಮಾರಿಗೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ, ಪರೀಕ್ಷೆಗೆ ಹಾಕುವ ಬಣ್ಣ ಚುಕ್ಕೆ ಚುಕ್ಕೆಯಾಗಿ ಹಿಡಿಯುತ್ತದೆ. ಸಂಜೆ ನೋಡಿದರೆ ಅದು ಮಾಯವಾಗಿರುತ್ತದೆ. ಆದ್ದರಿಂದ ಹೊಸ ಜೋಡಿ ಕೊಟ್ಟಾಗ ಹಾಕಿದ ಎರಡು ಗಂಟೆಯ ಹೊತ್ತಿಗೆ ಒಂದು ಸಲ, ಸಂಜೆ ಇನ್ನೊಂದು ಸಲ ನೋಡುತ್ತೇನೆ.

ಇನ್ನೊಂದು ಪ್ರಯೋಗವನ್ನು ಕುತೂಹಲಕ್ಕೆ ಮಾಡಿದೆ. ಬೇರೆ ಬೇರೆ ಸೊಲ್ಯೂಷನ್‌ಗಳ ಹನಿಗಳನ್ನು ಗಾಜಿನ ಪಟ್ಟಿಯ ಮೇಲೆ ಒಣಗಲು ಬಿಟ್ಟು ಕಣ್ಣನ್ನು ದೊಡ್ಡದಾಗಿಸಿ ನೋಡುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದೆ. ಕೆಲವು ಹರಳಿನಂತೆ ಒಣಗಿದವು, ಪಾಲಿಮರ್, ಅಂದರೆ ಉದ್ದ ಸರಪಳಿಯ ಅಣುಗಳು, ಹೆಚ್ಚಿದ್ದವು ಅಂಟಂಟು ಪೊರೆ ಬಿಟ್ಟವು. 2006ರಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕಿನ ಪ್ರಕರಣಗಳ ನಂತರ ಮಾಯಿಶ್ಚರ್‌ಲಾಕ್ ಸೊಲ್ಯೂಷನ್ ಮಾರುಕಟ್ಟೆಯಿಂದ ಹಿಂದೆ ಸರಿದದ್ದು ನಮಗೆಲ್ಲ ಗೊತ್ತು. ಒಣಗಿದ ಪಾಲಿಮರ್ ಪೊರೆ ಶಿಲೀಂಧ್ರಕ್ಕೆ ಆಸರೆಯಾಯಿತು ಎಂಬ ವಿವರಣೆಯೂ ಬಂದಿತ್ತು. ಆ ಗಾಜಿನ ಪಟ್ಟಿ ಈಗಲೂ ನನ್ನ ಮೇಜಿನ ಮೇಲಿದೆ. ಹಳೆಯ ಸೊಲ್ಯೂಷನ್‌ನ ಮೇಲೆಯೇ ಹೊಸದನ್ನು ಸುರಿಯುವವರಿಗೆ ಅದನ್ನೇ ತೋರಿಸುತ್ತೇನೆ.

ಲೆನ್ಸ್ ಉಜ್ಜುವ ಕ್ರಮದಲ್ಲಿ ಮತ್ತು ಹಾಕುವ ಮೊದಲು ತೊಳೆಯುವ ಕ್ರಮದಲ್ಲಿ ನನ್ನದೇ ಒಂದು ಕೈಚಳಕವಿದೆ, ಫಲಿತಾಂಶದ ಒಂದು ಪಾಲು ಅದರದ್ದು. ಬರೆದರೆ ಅರೆಬರೆ ಕಲಿಯುತ್ತಾರೆ. ಎದುರು ಕುಳಿತವರಿಗಷ್ಟೇ ಕಲಿಸುತ್ತೇನೆ. ಈಗ ತಯಾರಿಕೆಯಲ್ಲೇ ಪೊವಿಡೋನ್ ಎಂಬ ನೀರು ಹಿಡಿಯುವ ಪಾಲಿಮರ್ ಸೇರಿರುವ ಲೆನ್ಸ್‌ಗಳ ಮೇಲೆ ಇದೇ ಎಡ ಬಲ ಪರೀಕ್ಷೆ ನಡೆಸಿದ್ದೇನೆ. ಅಲ್ಲಿ ಸೊಲ್ಯೂಷನ್‌ಗಳ ನಡುವಿನ ಅಂತರ ಕಡಿಮೆಯಾದಂತೆ ಕಾಣುತ್ತಿದೆ.