ಹತ್ತೋಕೆ ಬಸ್, ಇಳಿಯೋಕೆ ಕಾಲು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾರಿಲ್ಲದೆ 4 ದಿನ

ಅಮ್ಮನಿಗೆ 67, ಜೊತೆಗೆ ಮಂಡಿನೋವು. ಅವರನ್ನು ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ದಿಬ್ಬಗಳಲ್ಲಿ ಕಾರಿಲ್ಲದೆ ಸುತ್ತುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಭಾವ ಅಂತೂ "ಮೂರನೇ ಸಲಾನೂ ದುಡ್ಡು ಕಳ್ಕೊಂಡು ಬರ್ತೀಯ" ಅಂದರು. ಕಳೆದ ಅಕ್ಟೋಬರ್‌ನಲ್ಲಿ ಹೋಗಿ ಬಂದೆವು. ಒಂದು ದಿನವೂ ಟ್ಯಾಕ್ಸಿ ಬೇಕಾಗಲಿಲ್ಲ.

ಮೊದಲ ಸಲ ಕಾರು ಬಾಡಿಗೆಗೆ ತಗೊಂಡಿದ್ದೆ. ಹೋಟೆಲ್ ಪಾರ್ಕಿಂಗೇ ರಾತ್ರಿಗೆ 55 ಡಾಲರ್ ಹತ್ತಿರ. ಇಳಿಜಾರಿನಲ್ಲಿ ನಿಲ್ಲಿಸುವಾಗ ಚಕ್ರ ತಿರುಗಿಸಿಡಬೇಕು ಅನ್ನೋ ನಿಯಮ ಮರೆತು 70 ಡಾಲರ್ ಆಸುಪಾಸು ದಂಡ ಬೇರೆ ಕಟ್ಟಿದೆ. ಮೂರು ದಿನಕ್ಕೆ, ಕಾರು ನಿಲ್ಲಿಸಿದ್ದಕ್ಕೇ 235 ಡಾಲರ್ ಹತ್ತಿರ ಹೋಯಿತು.

ಎರಡನೇ ಸಲ ಪೂರ್ತಿ ನಡಿಗೆ. ಮ್ಯಾಪಿನಲ್ಲಿ ಬೀದಿಗಳು ಚೌಕಚೌಕವಾಗಿ ನೆಟ್ಟಗಿವೆ, ಒಂದೂವರೆ ಕಿಲೋಮೀಟರ್ ತಾನೇ ಅನಿಸುತ್ತೆ. ಆದರೆ ಆ ಬೀದಿಗಳು ಗುಡ್ಡ ಬಂದರೂ ತಿರುಗದೆ ನೇರ ಮೇಲೇರಿ ನೇರ ಕೆಳಗಿಳಿಯುತ್ತವೆ. ರಷ್ಯನ್ ಹಿಲ್‌ನ ಫಿಲ್ಬರ್ಟ್ ಬೀದಿಯಲ್ಲಿ ಹೈಡ್‌ನಿಂದ ಲೆವೆನ್‌ವರ್ತ್‌ವರೆಗಿನ ಒಂದು ಬ್ಲಾಕ್ ಇದೆ, ಇಳಿಜಾರು 31.5 ಪರ್ಸೆಂಟ್, ಅಂದರೆ 100 ಮೀಟರ್ ಮುಂದೆ ಹೋದರೆ 31.5 ಮೀಟರ್ ಕೆಳಗೆ. ಹತ್ತುವುದಲ್ಲವಲ್ಲ, ಇಳಿಯುವುದು ತಾನೇ ಅಂತ ನಾನೂ ಹೆಂಡತಿಯೂ ಅಲ್ಲೇ ಇಳಿದೆವು. ಸಂಜೆಗೆ ಇಬ್ಬರ ಮಂಡಿಯೂ ಹಿಡಿದುಕೊಂಡಿತು. ಮರುದಿನ ರೂಮಿನಲ್ಲೇ ಉಳಿದೆವು. ಹಳೇ ಜೈಲಿರುವ ಆಲ್ಕಟ್ರಾಜ್ ದ್ವೀಪಕ್ಕೆ ಹೋಗುವ ದೋಣಿಯ ಎರಡು ಟಿಕೆಟ್, 90 ಡಾಲರ್ ಹತ್ತಿರ, ಸುಮ್ನೆ ಹೋಯಿತು.

ನನ್ನ ಪ್ಲಾನ್ ಹುಟ್ಟಿದ್ದು ಆ ರೂಮಿನಲ್ಲಿ. ಹತ್ತಿದರೆ ಏದುಸಿರು ಬರುತ್ತೆ, ಐದು ನಿಮಿಷ ನಿಂತರೆ ಸರಿಹೋಗುತ್ತೆ. ಮಂಡಿ ಕೆಡುವುದು ಇಳಿಯುವಾಗ. ಹಾಗಾಗಿ ಮೂರನೇ ಸಲ ನೋಡುವ ಜಾಗಗಳ ಪಟ್ಟಿಯನ್ನೇ ಮಾಡಲಿಲ್ಲ. ದಿನಕ್ಕೊಂದು ಎತ್ತರದ ಜಾಗ, ಅಲ್ಲಿಗೆ ಹೋಗುವ ಬಸ್, ಇಳಿಯಲು ಹದವಾದ ದಾರಿ, ಕೊನೆಗೆ ನೀರಿನ ಪಕ್ಕದ ಸಮತಟ್ಟು ರಸ್ತೆ, ಅಷ್ಟೇ. ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿಯನ್ನು ಸೈಕಲ್ ಮೋಡ್‌ನಲ್ಲಿ ಹಾಕಿ ನೋಡಿ, ಏರಿಳಿತದ ಗ್ರಾಫ್ ಬರುತ್ತೆ. ಒಂದು ಉದ್ದ ಬ್ಲಾಕಿನಲ್ಲಿ 10 ಮೀಟರ್‌ಗಿಂತ ಜಾಸ್ತಿ ಇಳಿತ ಇದ್ದರೆ ಆ ಬೀದಿ ಬಿಟ್ಟೆ. ಕೈಹಿಡಿ ಇರುವ ಮೆಟ್ಟಿಲಾದರೆ ಪರವಾಗಿಲ್ಲ. ಕಡಿದಾದ ಫುಟ್‌ಪಾತ್‌ಗಿಂತ ಮೆಟ್ಟಿಲೇ ಅಮ್ಮನಿಗೆ ಸುಲಭವಾಯಿತು.

ವಾಷಿಂಗ್ಟನ್ ಸ್ಕ್ವೇರ್‌ನಿಂದ 39ನೇ ನಂಬರ್ ಬಸ್ ಹಿಡಿದು ಗುಡ್ಡದ ಮೇಲಿರುವ ಕೊಯ್ಟ್ ಟವರ್ ಹತ್ತಿರ ಇಳಿದೆವು. ಅಲ್ಲಿನ 1934ರ ಗೋಡೆಚಿತ್ರಗಳನ್ನು ನೋಡಿಕೊಂಡು ಪೂರ್ವದ ಕಡೆಯ ಫಿಲ್ಬರ್ಟ್ ಮೆಟ್ಟಿಲಲ್ಲಿ (ಅದೇ ಫಿಲ್ಬರ್ಟ್ ಬೀದಿ, ಆದರೆ ಇಲ್ಲಿ ಮೆಟ್ಟಿಲು), ತೋಟಗಳ ನಡುವೆ, ಕೂತು ಕೂತು ಇಳಿದೆವು. ಒಂದು ಗಂಟೆ ಹಿಡಿಯಿತು. ಹಸಿರು ಗಿಳಿಗಳು ತಲೆ ಮೇಲೆ ಕಿರುಚಿಕೊಂಡು ಹಾರಿದವು, ಅಮ್ಮ ಅಲ್ಲೇ ಕಾಲು ಗಂಟೆ ನಿಂತರು. ಕೆಳಗೆ ನೀರಿನ ಪಕ್ಕದ ರಸ್ತೆ, ಎಂಬಾರ್ಕಡೆರೊ. ಅಲ್ಲಿಂದ ಎಫ್ ಲೈನಿನ ಹಳೇ ಟ್ರಾಮ್‌ನಲ್ಲಿ ಫೆರಿ ಬಿಲ್ಡಿಂಗ್.

ಇಲ್ಲಿನ ಕೇಬಲ್ ಕಾರು ಅಂದರೆ ರೋಪ್‌ವೇ ಅಲ್ಲ, ರಸ್ತೆಯ ಹಳಿಯ ಮೇಲೆ ಕೇಬಲ್ ಎಳೆಯುವ ಹಳೇ ಟ್ರಾಮ್. ಅದಕ್ಕೆ ಪೊವೆಲ್ ಬೀದಿಯಲ್ಲಿ ಕ್ಯೂ ನಿಲ್ಲಬೇಡಿ. ಕ್ಯಾಲಿಫೋರ್ನಿಯಾ ಲೈನ್ ಹತ್ತಿ, ಜನ ಕಡಿಮೆ. ಒಂದು ಸಲಕ್ಕೆ ತಲೆಗೆ 8 ಡಾಲರ್ ಕೊಟ್ಟ ನೆನಪು, ಒಂದೇ ಸಲ ಸಾಕು. ನಾಬ್ ಹಿಲ್‌ಗೆ 1ನೇ ನಂಬರ್ ಟ್ರಾಲಿ ಬಸ್ಸೂ ಹತ್ತುತ್ತೆ, ಕರೆಂಟಿನ ಬಸ್, ಏರಿನಲ್ಲಿ ಸದ್ದೇ ಇಲ್ಲ. ಏರ್‌ಪೋರ್ಟಿನ ಬಾರ್ಟ್ ರೈಲೂ ಸೇರಿ ಇಬ್ಬರಿಗೆ ನಾಲ್ಕು ದಿನದ ಓಡಾಟಕ್ಕೆ 110 ಡಾಲರ್ ಆಸುಪಾಸು ಆಯಿತು.

ಬ್ಯಾಗಿನಲ್ಲಿ ಒಂದು ಚಿಕ್ಕ ಥರ್ಮಾಮೀಟರ್ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಡೊಲೊರೆಸ್ ಪಾರ್ಕಿನಲ್ಲಿ 22 ಡಿಗ್ರಿ, ಒಂದು ಗಂಟೆ ಬಿಟ್ಟು ಪಶ್ಚಿಮ ತೀರದ ಓಷನ್ ಬೀಚ್‌ನಲ್ಲಿ 14. ಒಂದೇ ಊರು! ನಡುವಿನ ಗುಡ್ಡಸಾಲು ಸಮುದ್ರದ ಮಂಜನ್ನು ಪಶ್ಚಿಮದಲ್ಲೇ ತಡೆಯುತ್ತೆ. ಅದಕ್ಕೇ ಪಶ್ಚಿಮದ ಕಡೆಗೆ ದಿನ ಗೊತ್ತು ಮಾಡಲಿಲ್ಲ, ಬೆಳಿಗ್ಗೆ ಆಕಾಶ ನೋಡಿ ಹೊರಟೆವು. ಜೂನ್‌ನಿಂದ ಆಗಸ್ಟ್ ಮಂಜು ಜಾಸ್ತಿ. ಸೆಪ್ಟೆಂಬರ್, ಅಕ್ಟೋಬರ್ ಬಿಟ್ಟು ಬೇರೆ ತಿಂಗಳಿಗೆ ನಾನಂತೂ ಬುಕ್ ಮಾಡಲ್ಲ.

ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಬಾಡಿಗೆ ಸೈಕಲ್ ಹಿಡಿದು 'ವಿಗಲ್' ದಾರಿಯಲ್ಲಿ ಹೋಗಿ ನೋಡಿದೆ. ಮಾರ್ಕೆಟ್ ಬೀದಿಯಿಂದ ಗೋಲ್ಡನ್ ಗೇಟ್ ಪಾರ್ಕ್ ಕಡೆಗೆ ಗುಡ್ಡಗಳನ್ನು ತಪ್ಪಿಸಿ ಅಂಕುಡೊಂಕಾಗಿ ಹೋಗುವ ದಾರಿ ಅದು. ಮರುದಿನ ಅಮ್ಮನನ್ನು ಅದೇ ದಾರಿಯಲ್ಲಿ ನಡೆಸಿದೆ, ಸುಸ್ತು ಅನ್ನಲಿಲ್ಲ.

ಸಂಜೆ ಸೂರ್ಯ ಮುಳುಗುವುದನ್ನು ನೋಡಿದ ಮೆಟ್ಟಿಲು ಯಾವುದು ಅಂತ ಮಾತ್ರ ಹೇಳಲ್ಲ. ನಾವಿಬ್ಬರೇ ಇದ್ದೆವು, ಹಾಗೇ ಇರಲಿ.

ಮೂರನೇ ದಿನ ಫೋನಿನ ಲೆಕ್ಕದಲ್ಲಿ 13 ಸಾವಿರ ಹೆಜ್ಜೆ, ಹತ್ತಿದ್ದು ಬರೀ 9 ಮಹಡಿ. ಆ ಸ್ಕ್ರೀನ್‌ಶಾಟ್ ಭಾವನಿಗೆ ಕಳಿಸಿದೆ. ಈಗ ಅವರು ತಮ್ಮ ತಾಯಿಯನ್ನು ಕರೆದುಕೊಂಡು ಹೋಗಲು ನನ್ನ ಪ್ಲಾನ್ ಕೇಳಿದ್ದಾರೆ. ಬಸ್ ನಂಬರ್ ಸಮೇತ ಬರೆದುಕೊಟ್ಟಿದ್ದೇನೆ, ಆ ಒಂದು ಮೆಟ್ಟಿಲು ಬಿಟ್ಟು.